ದಿನಕ್ಕೊಂದು ದಾಳಿಂಬೆ: ಹೃದಯಕ್ಕೆ ಎಷ್ಟು ಹಿತ?

ಹಿರಿಯೂರು, ಹೊಸದುರ್ಗ ತಾಲ್ಲೂಕುಗಳಲ್ಲಿ ಇಂದು ದಾಳಿಂಬೆಯ ತೋಟಗಳು ಹೇರಳವಾಗಿವೆ. ಮಳೆ ಕಡಮೆಯಾದ ಈ ಸೀಮೆಯಲ್ಲಿ ಹನಿ ನೀರಾವರಿಯ ಆಸರೆಯಿಂದ ನಮ್ಮ ರೈತ ಬಂಧುಗಳು ಬೆಳೆಯುವ ‘ಭಗವಾ’ ತಳಿಯ ಕೆಂಪು ಹಣ್ಣು ದೂರದ ಪೇಟೆಗಳನ್ನು ಸೇರುತ್ತದೆ. ಆದರೆ ಬೆಳೆದವರ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗಲಷ್ಟೇ ಹಣ್ಣು ಬಿಡಿಸುವ ರೂಢಿ ನಮ್ಮಲ್ಲುಂಟು. ಇತ್ತ ದಿನವೂ ದಾಳಿಂಬೆ ತಿನ್ನುವವರಿಗೆ ರಕ್ತದೊತ್ತಡದ ಮಾತ್ರೆಯೇ ಬೇಡವೆಂಬ ಮಾತೂ ಕಿವಿಗೆ ಬೀಳುತ್ತಿದೆ. ಇವೆರಡನ್ನೂ ನಾವು ವಿಚಾರ ಮಾಡಬೇಕಾಗಿದೆ.

ದಾಳಿಂಬೆಯಲ್ಲಿ ಪಾಲಿಫಿನಾಲ್ ಎಂಬ ಸತ್ವಗಳು ಸಮೃದ್ಧವಾಗಿವೆ. ಇವು ರಕ್ತನಾಳಗಳು ಸಡಿಲಗೊಳ್ಳಲು ನೆರವಾಗುತ್ತವೆಂದು ವಿಜ್ಞಾನಿಗಳು ಭಾವಿಸಿದ್ದಾರೆ. ನೂರು ಗ್ರಾಂ ಕಾಳಿನಲ್ಲಿ ಸುಮಾರು 4 ಗ್ರಾಂ ನಾರು, 235 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತವೆ. ಜೊತೆಗೆ 14 ಗ್ರಾಂನಷ್ಟು ಸಕ್ಕರೆಯೂ ಇದೆ.

ದಾಳಿಂಬೆ ರಸದ ಎಂಟು ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ರಕ್ತದೊತ್ತಡದ ಮೇಲಿನ ಅಂಕಿ ಸರಾಸರಿ 5ರಷ್ಟು ಇಳಿದುದು ಕಂಡುಬಂದಿತು. ಆದರೆ 2009ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಹದಿನೆಂಟು ತಿಂಗಳು ನಿತ್ಯ ರಸ ಕುಡಿದರೂ ಕುತ್ತಿಗೆಯ ರಕ್ತನಾಳದ ದಪ್ಪವಾಗುವಿಕೆ ಒಟ್ಟಾರೆಯಾಗಿ ತಗ್ಗಲಿಲ್ಲ. ಚೀನಾದಲ್ಲಿ ಸುಮಾರು ಐದು ಲಕ್ಷ ಜನರನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿತ್ಯ ತಾಜಾ ಹಣ್ಣು ತಿನ್ನುವವರಲ್ಲಿ ಹೃದಯ ಹಾಗೂ ರಕ್ತನಾಳಗಳ ಕಾಯಿಲೆಯ ಸಾವು ಗಣನೀಯವಾಗಿ ಕಡಮೆಯಿತ್ತು. ಅದು ಯಾವುದೇ ಒಂದು ಹಣ್ಣಿನ ಮಾತಲ್ಲ. ಹಣ್ಣು ತಿನ್ನುವವರು ಅನುಕೂಲಸ್ಥರೂ ಧೂಮಪಾನ ಕಡಮೆಯಿದ್ದವರೂ ಆಗಿದ್ದರೆಂಬುದನ್ನು ಮರೆಯಬಾರದು.

ಆದುದರಿಂದ ದಾಳಿಂಬೆ ಹಿತವಾದ ಆಹಾರ, ಔಷಧವಲ್ಲ. ರಕ್ತದೊತ್ತಡವು ಸದ್ದಿಲ್ಲದ ಶತ್ರು. ‘ಮೈ ಹಗುರಾಗಿದೆ’ ಎಂದು ಮಾತ್ರೆ ಬಿಟ್ಟವರು ಪಾರ್ಶ್ವವಾಯುವಿಗೆ ತುತ್ತಾಗಿ ಸಂಸಾರವೇ ತತ್ತರಿಸುವುದುಂಟು. ಎದೆನೋವು ಕಂಡೊಡನೆ ರಸ ಹಿಂಡುತ್ತ ಕೂರದೆ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕು.

ರಸಕ್ಕಿಂತ ಕಾಳನ್ನೇ ಅಗಿದು ತಿನ್ನುವುದು ಲೇಸು; ಸೋಸಿದರೆ ನಾರು ಹೋಗಿ ಸಕ್ಕರೆ ಉಳಿಯುತ್ತದೆ. ಮಧುಮೇಹವಿರುವವರು ಮಿತವಾಗಿ ತಿನ್ನಲಿ. ಮೂತ್ರಪಿಂಡದ ತೊಂದರೆಯುಳ್ಳವರೂ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರೂ ವೈದ್ಯರನ್ನು ಕೇಳಿಯೇ ತಿನ್ನಬೇಕು. ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ತೋಟಗಳಿಗೇನು ಕೊರತೆ? ಆದರೆ ಎಲೆಯಡಿಕೆಯೊಡನೆ ಹೊಗೆಸೊಪ್ಪು ಜಗಿಯುತ್ತ, ಊಟಕ್ಕೆ ಉಪ್ಪಿನಕಾಯಿ ಹಪ್ಪಳಗಳನ್ನು ಬಡಿಸಿಕೊಳ್ಳುತ್ತ ಒಂದು ಹಣ್ಣಿನಿಂದ ಹೃದಯ ಕಾಯುವೆವೆಂದರೆ ಸಲ್ಲದು. ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು, ಹಣ್ಣು ತರಕಾರಿ ಕೂಡಿ 400 ಗ್ರಾಂ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಾಳಿಂಬೆ ದುಬಾರಿಯಾದಾಗ ಸೀಬೆ, ಪಪ್ಪಾಯಿಗಳೂ ಸಾಕು.

ಶರಣ ಪರಂಪರೆಯು ದೇಹವನ್ನು ಹಳಿಯಲಿಲ್ಲ. ಕಾಯಕಕ್ಕೂ ಲಿಂಗಪೂಜೆಗೂ ಅದೇ ಸಾಧನವೆಂದು ಬಗೆಯಿತು. ಪೇಟೆಗೆ ಪೆಟ್ಟಿಗೆ ತುಂಬುವಾಗ ಒಂದು ಬುಟ್ಟಿ ಮನೆಯ ಮಕ್ಕಳಿಗೂ ಮುಪ್ಪಿನವರಿಗೂ, ತೋಟದಲ್ಲಿ ದುಡಿದವರಿಗೂ ಉಳಿಯಲಿ. ಲಿಂಗಕ್ಕೆ ಅರ್ಪಿಸಿದ ಹಣ್ಣು ಪ್ರಸಾದವಾಗಿ ಎಲ್ಲರಿಗೂ ಸಲ್ಲುವುದೇ ದಾಸೋಹ.