ಚೀನಾದ ಆಸ್ಪತ್ರೆಗೆ ಹೊರಡುವ ಮುನ್ನ

ಭಾರತ ಮತ್ತು ಚೀನಾಗಳ ನಡುವಿನ ನೇರ ವಿಮಾನ ಸಂಚಾರವು 2020ರಲ್ಲಿ ನಿಂತುಹೋಗಿತ್ತು. ಐದು ವರ್ಷಗಳಿಗೂ ಮೀರಿದ ಅವಧಿಯ ನಂತರ, 2025ರ ಅಕ್ಟೋಬರ್ 26ರಂದು, ಕೋಲ್ಕತ್ತದಿಂದ ಗುವಾಂಗ್‌ಝೌ ನಗರಕ್ಕೆ ಮತ್ತೆ ವಿಮಾನ ಹೊರಟಿತು. ವ್ಯಾಪಾರ ಮತ್ತು ವ್ಯಾಸಂಗಗಳಿಗೆ ಬಾಗಿಲು ತೆರೆದಾಗ ಚಿಕಿತ್ಸೆಯ ಮಾತೂ ಅದರ ಹಿಂದೆಯೇ ಬರುವುದು ಸಹಜ. ನೆರೆಯ ಬಾಂಗ್ಲಾದೇಶದಲ್ಲಿ ಇದು ಆಗಲೇ ನಡೆದಿದೆ. ಕೋಲ್ಕತ್ತ, ಚೆನ್ನೈ, ಬೆಂಗಳೂರುಗಳ ಆಸ್ಪತ್ರೆಗಳನ್ನು ನಂಬಿಕೊಂಡಿದ್ದ ಅಲ್ಲಿನ ರೋಗಿಗಳಿಗೆ 2024ರ ರಾಜಕೀಯ ಪಲ್ಲಟದ ನಂತರ ಭಾರತದ ವೀಸಾ ದುರ್ಲಭವಾಯಿತು. 2025ರ ಮಾರ್ಚ್ ತಿಂಗಳಲ್ಲಿ ಅವರ ಮೊದಲ ತಂಡವು ಚೀನಾದ ಕುನ್ಮಿಂಗ್ ನಗರಕ್ಕೆ ಚಿಕಿತ್ಸೆಗಾಗಿ ತೆರಳಿತು. ಹೊರನಾಡಿನ ರೋಗಿಗಳನ್ನು ಬರಮಾಡಿಕೊಳ್ಳುವುದು ಈಗ ಚೀನಾದ ಆಸ್ಪತ್ರೆಗಳ ಉದ್ಯಮದ ಒಂದು ಭಾಗವಾಗಿದೆ.

ಇದಕ್ಕೂ ಯಲಬುರ್ಗಾ ಸೀಮೆಯ ಬೇವೂರಿಗೂ ಏನು ಸಂಬಂಧವೆಂದು ಭಕ್ತರು ಕೇಳಬಹುದು. ಸಂಬಂಧವಿದೆ. ಇಂದು ಗುವಾಂಗ್‌ಝೌ ನಗರದ ಆಸ್ಪತ್ರೆಯ ಜಾಹೀರಾತು ಬೇವೂರಿನ ಮನೆಯ ಮೊಬೈಲಿಗೂ ಬರುತ್ತದೆ. ‘ಇನ್ನು ನಮ್ಮಿಂದ ಹೆಚ್ಚೇನೂ ಆಗದು, ಮನೆಗೆ ಕರೆದುಕೊಂಡು ಹೋಗಿ’ ಎಂದು ವೈದ್ಯರು ಹೇಳಿದ ರಾತ್ರಿ ಕುಟುಂಬವು ಆ ಪರದೆಯ ಮುಂದೆ ಕುಳಿತಿರುತ್ತದೆ. ಆ ಹೊತ್ತಿನಲ್ಲಿ ದೂರವೇ ಒಂದು ಭರವಸೆಯಾಗಿ ತೋರುತ್ತದೆ. ಎರೆಹೊಲದ ಮಾರಾಟದ ಮಾತು ಶುರುವಾಗುವುದೂ ಆ ಹೊತ್ತಿನಲ್ಲಿಯೇ. ಆದುದರಿಂದ ಈ ವಿಷಯವನ್ನು ಶಾಂತಚಿತ್ತದಿಂದ, ಕಷ್ಟ ಬರುವ ಮೊದಲೇ, ನಾವೆಲ್ಲರೂ ವಿಚಾರ ಮಾಡುವುದು ಒಳಿತು.

ದೂರದ ದವಾಖಾನೆ ನಮಗೆ ಹೊಸದಲ್ಲ

ಚಿಕಿತ್ಸೆಗಾಗಿ ಊರು ಬಿಟ್ಟು ಹೋಗುವುದು ನಮ್ಮ ಭಾಗದವರಿಗೆ ಹಳೆಯ ರೂಢಿ. ನಮ್ಮ ಹಿರಿಯರ ಕಾಲದಲ್ಲಿ ದೊಡ್ಡ ದವಾಖಾನೆ ಎಂದರೆ ಮಿರಜ. 1890ರ ದಶಕದಲ್ಲಿ ವಿಲಿಯಂ ವಾನ್ಲೆಸ್ ಎಂಬ ವೈದ್ಯರು ಅಲ್ಲಿ ಕಟ್ಟಿದ ಆಸ್ಪತ್ರೆಗೆ ಉತ್ತರ ಕರ್ನಾಟಕದ ಎಷ್ಟೋ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೋಗಿವೆ. ಆಮೇಲೆ ಹುಬ್ಬಳ್ಳಿ, ವೆಲ್ಲೂರು, ಬೆಂಗಳೂರು, ಹೈದರಾಬಾದುಗಳು ಬಂದವು. ರೋಗಿಯನ್ನು ಗುಣಪಡಿಸಲು ನಾಲ್ಕು ಊರು ತಿರುಗುವುದು ತಪ್ಪಲ್ಲ. ಅದು ಪ್ರೀತಿಯ ಲಕ್ಷಣ.

ಚೀನಾದೊಂದಿಗೂ ನಮ್ಮ ಗಡಿನಾಡಿಗೆ ವೈದ್ಯಕೀಯದ ಒಂದು ನಂಟು ಇದೆ. ಕನ್ನಡ ಮಾತನಾಡುವ ಅನೇಕ ಮನೆಗಳಿರುವ, ಸಿದ್ಧರಾಮೇಶ್ವರರ ಕರ್ಮಭೂಮಿಯಾದ ಸೊಲ್ಲಾಪುರದಲ್ಲಿ 1910ರಲ್ಲಿ ಜನಿಸಿದವರು ಡಾ. ದ್ವಾರಕಾನಾಥ ಕೋಟ್ನಿಸ್. ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನಾಕ್ಕೆ 1938ರಲ್ಲಿ ಭಾರತದಿಂದ ತೆರಳಿದ ಐವರು ವೈದ್ಯರ ತಂಡದಲ್ಲಿ ಅವರೊಬ್ಬರು. ಗಾಯಾಳುಗಳ ಸೇವೆ ಮಾಡುತ್ತಲೇ 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ, ಅಲ್ಲಿಯೇ ದೇಹ ಬಿಟ್ಟರು. ಚೀನಾದ ಜನ ಇಂದಿಗೂ ಅವರನ್ನು ಗೌರವದಿಂದ ನೆನೆಯುತ್ತಾರೆ. ಅಂದು ವೈದ್ಯರಿಗಾಗಿ ಹೊರಗೆ ಕೈಚಾಚಿದ ದೇಶವೇ ಇಂದು ಹೊರಗಿನ ರೋಗಿಗಳನ್ನು ಕರೆಯುತ್ತಿದೆ. ಈ ಬೆಳವಣಿಗೆಯನ್ನು ಮೆಚ್ಚಬೇಕಾದದ್ದೇ. ಆದರೆ ಮೆಚ್ಚುಗೆ ಬೇರೆ, ನಮ್ಮ ಮನೆಯ ರೋಗಿಯನ್ನು ಅಲ್ಲಿಗೆ ಒಯ್ಯುವ ತೀರ್ಮಾನ ಬೇರೆ.

ಅಲ್ಲಿ ಇರುವುದೇನು, ಇಲ್ಲಿ ಇರುವುದೇನು

ಚೀನಾದ ದೊಡ್ಡ ಸರ್ಕಾರಿ ಆಸ್ಪತ್ರೆಗಳು ಅತ್ಯಂತ ಅನುಭವಿ ಸಂಸ್ಥೆಗಳು ಎಂಬುದರಲ್ಲಿ ಸಂದೇಹವಿಲ್ಲ. ಬೀಜಿಂಗಿನ ಪೀಕಿಂಗ್ ಯೂನಿಯನ್ ವೈದ್ಯಕೀಯ ಕಾಲೇಜು ಆಸ್ಪತ್ರೆಯು 1921ರಿಂದ ನಡೆದುಬಂದಿದೆ. ಶಾಂಘೈನಲ್ಲಿ 2015ರಲ್ಲಿ ಆರಂಭವಾದ ಪ್ರೋಟಾನ್ ಮತ್ತು ಭಾರ ಅಯಾನು ಕೇಂದ್ರದಲ್ಲಿ ಕಾರ್ಬನ್ ಅಯಾನುಗಳಿಂದ ಕೆಲವು ಬಗೆಯ ಗಡ್ಡೆಗಳಿಗೆ ವಿಕಿರಣ ಚಿಕಿತ್ಸೆ ಕೊಡುತ್ತಾರೆ. ಈ ಕಾರ್ಬನ್ ಚಿಕಿತ್ಸೆ ನಮ್ಮ ದೇಶದಲ್ಲಿ ಇಲ್ಲ. ಆದರೆ ಅದು ಎಲ್ಲ ಕ್ಯಾನ್ಸರಿಗೂ ಅಲ್ಲ, ಆಯ್ದ ಕೆಲವು ರೋಗಿಗಳಿಗೆ ಮಾತ್ರ. ಪ್ರೋಟಾನ್ ಚಿಕಿತ್ಸೆಯಾದರೋ ಚೆನ್ನೈನಲ್ಲಿ 2019ರಿಂದಲೇ ದೊರೆಯುತ್ತಿದೆ.

ಇನ್ನೊಂದು ಉದಾಹರಣೆ ನೋಡೋಣ. ರಕ್ತದ ಕೆಲವು ಕ್ಯಾನ್ಸರುಗಳಿಗೆ ರೋಗಿಯ ರಕ್ಷಕ ಕಣಗಳನ್ನೇ ಹೊರತೆಗೆದು, ಮಾರ್ಪಡಿಸಿ, ಮರಳಿ ಸೇರಿಸುವ ‘ಕಾರ್-ಟಿ’ ಚಿಕಿತ್ಸೆ ಇದೆ. ಚೀನಾದಲ್ಲಿ 2021ರಲ್ಲಿ ಮೊದಲು ಅನುಮತಿ ಪಡೆದ ಇಂಥ ಔಷಧದ ಬೆಲೆ ಆಗ 12 ಲಕ್ಷ ಯುವಾನ್ ಆಗಿತ್ತು, ಅಂದರೆ ನಮ್ಮ ಹಣದಲ್ಲಿ ಒಂದೂಕಾಲು ಕೋಟಿ ರೂಪಾಯಿಗೂ ಹೆಚ್ಚು. ಮುಂಬೈನ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರದ ವಿಜ್ಞಾನಿಗಳ ಶ್ರಮದಿಂದ ರೂಪುಗೊಂಡ ನಮ್ಮದೇ ದೇಶದ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ದೊರೆಯಿತು. ಅದರ ವೆಚ್ಚ ಚೀನಾದ ಆ ಬೆಲೆಯ ಅರ್ಧಕ್ಕಿಂತ ಬಹಳ ಕಡಿಮೆ. ಅದೂ ಬಡವರ ಕೈಗೆ ಎಟಕುವ ಹಣವಲ್ಲ, ನಿಜ. ಆದರೂ ‘ಇದು ಚೀನಾದಲ್ಲಿ ಮಾತ್ರ ಇದೆ’ ಎಂಬ ಮಾತನ್ನು ಕೇಳಿದೊಡನೆ ನಂಬಬಾರದು ಎಂಬುದಕ್ಕೆ ಇಷ್ಟು ಸಾಕು.

ಭರವಸೆಯೇ ಸರಕಾದಾಗ

ಚೀನಾದ ಜನರೇ ಈ ವಿಷಯದಲ್ಲಿ ಕಹಿ ಉಂಡಿದ್ದಾರೆ. ಅಪರೂಪದ ಕ್ಯಾನ್ಸರಿಗೆ ತುತ್ತಾಗಿದ್ದ 21 ವರ್ಷದ ವಿದ್ಯಾರ್ಥಿಯೊಬ್ಬ ಅಂತರ್ಜಾಲದ ಹುಡುಕಾಟದಲ್ಲಿ ಮೊದಲ ಸಾಲಿನಲ್ಲಿ ಕಂಡ ಬೀಜಿಂಗಿನ ಆಸ್ಪತ್ರೆಯನ್ನು ನಂಬಿದ. ಮೊದಲ ಸಾಲಿನ ಆ ಸ್ಥಾನವನ್ನು ಹಣ ಕೊಟ್ಟು ಕೊಳ್ಳಲಾಗಿತ್ತು. ಅಲ್ಲಿ ಕೊಟ್ಟದ್ದು ಫಲ ಸಾಬೀತಾಗದ ಚಿಕಿತ್ಸೆ. ಕುಟುಂಬವು ಸಾಲಸೋಲ ಮಾಡಿ 2 ಲಕ್ಷ ಯುವಾನ್‌ಗೂ ಹೆಚ್ಚು ಖರ್ಚು ಮಾಡಿತು. 2016ರ ಏಪ್ರಿಲ್‌ನಲ್ಲಿ ಆತ ತೀರಿಕೊಂಡ. ದೇಶವೆಲ್ಲ ಆಕ್ರೋಶಗೊಂಡ ಮೇಲೆ ಸರ್ಕಾರ ತನಿಖೆ ನಡೆಸಿ, ವೈದ್ಯಕೀಯ ಜಾಹೀರಾತುಗಳ ನಿಯಮವನ್ನು ಬಿಗಿಗೊಳಿಸಿತು. ಭಾಷೆ ಬಲ್ಲ, ನೆಲ ಬಲ್ಲ ಚೀನಾದ ಕುಟುಂಬಕ್ಕೇ ಈ ಗತಿಯಾದರೆ, ಅಲ್ಲಿನ ಒಂದಕ್ಷರವನ್ನೂ ಓದಲಾರದ ನಮ್ಮವರ ಪಾಡೇನು?

ಆಕರ ಕೋಶ ಅಥವಾ ‘ಸ್ಟೆಮ್ ಸೆಲ್’ ಚಿಕಿತ್ಸೆಯ ಕಥೆಯೂ ಹೀಗೆಯೇ. ಬೆನ್ನುಹುರಿಯ ಪೆಟ್ಟು, ಮಕ್ಕಳ ಮೆದುಳಿನ ತೊಂದರೆ, ಕಣ್ಣಿನ ಕುರುಡು ಎಲ್ಲವೂ ಇದರಿಂದ ವಾಸಿಯಾಗುವುದೆಂದು ಹೇಳಿ ಹೊರದೇಶದವರನ್ನು ಸೆಳೆಯುವ ಕೇಂದ್ರಗಳು ಅಲ್ಲಿ ಹಲವು ಹುಟ್ಟಿಕೊಂಡಿದ್ದವು. ಅನುಮತಿ ಇಲ್ಲದ ಇಂಥ ಚಿಕಿತ್ಸೆಗಳನ್ನು ನಿಲ್ಲಿಸುವಂತೆ 2012ರಲ್ಲಿ ಚೀನಾದ ಆರೋಗ್ಯ ಸಚಿವಾಲಯವೇ ಆದೇಶಿಸಬೇಕಾಯಿತು. ನಮ್ಮ ದೇಶದಲ್ಲಿಯೂ ಇಂಥ ಅಂಗಡಿಗಳಿಗೆ ಕೊರತೆಯಿಲ್ಲ. ದೋಷ ಒಂದು ದೇಶದ್ದಲ್ಲ. ದುಃಖದಲ್ಲಿರುವವರಿಗೆ ಭರವಸೆಯನ್ನು ಸರಕಾಗಿ ಮಾರುವ ವ್ಯಾಪಾರದ್ದು.

ಅಂಗಾಂಗ ಕಸಿಯ ಮಾತು ಬಂದಾಗ ಇನ್ನೂ ಎಚ್ಚರ ಬೇಕು. ಪ್ರವಾಸಿಗರಾಗಿ ಬರುವ ವಿದೇಶಿಯರಿಗೆ ಕಸಿ ಮಾಡಬಾರದೆಂದು ಚೀನಾ 2007ರಲ್ಲಿಯೇ ನಿರ್ಬಂಧಿಸಿದೆ. ಗಲ್ಲಿಗೇರಿದ ಕೈದಿಗಳ ಅಂಗಗಳನ್ನು ಬಳಸುತ್ತಿದ್ದ ಪದ್ಧತಿಗಾಗಿ ಅದು ಜಗತ್ತಿನ ಟೀಕೆಗೆ ಗುರಿಯಾಗಿತ್ತು. 2015ರಿಂದ ಸ್ವಯಂಪ್ರೇರಿತ ದಾನದ ಅಂಗಗಳನ್ನು ಮಾತ್ರ ಬಳಸುವುದಾಗಿ ಘೋಷಿಸಿತು. ಭಾರತದಲ್ಲಿ ಅಂಗಾಂಗಗಳ ಮಾರಾಟವು 1994ರ ಕಾಯ್ದೆಯಂತೆ ಅಪರಾಧ. ‘ಅಲ್ಲಿ ಮೂತ್ರಪಿಂಡ ಬೇಗ ಸಿಗುತ್ತದೆ’ ಎಂದು ಯಾರಾದರೂ ಹೇಳಿದರೆ ಯಾರ ಮೂತ್ರಪಿಂಡ ಎಂದು ಕೇಳುವುದು ನಮ್ಮ ಧರ್ಮ. ದಯೆಯನ್ನೇ ಧರ್ಮದ ಬೇರೆಂದು ತಿಳಿದ ಪರಂಪರೆಯವರು ಇನ್ನೊಬ್ಬರ ಅಸಹಾಯಕತೆಯನ್ನು ಕೊಂಡು ಬದುಕಲಾರರು. ಅಂಗಗಳ ಕೊರತೆಗೆ ಸರಿಯಾದ ಉತ್ತರ ದಾನ. ನಟ ಸಂಚಾರಿ ವಿಜಯ್ ಅವರು 2021ರ ಜೂನ್‌ನಲ್ಲಿ ಅಪಘಾತಕ್ಕೀಡಾಗಿ ಮೆದುಳು ನಿಷ್ಕ್ರಿಯಗೊಂಡಾಗ ಅವರ ಕುಟುಂಬವು ಅಂಗದಾನಕ್ಕೆ ಒಪ್ಪಿ ಈ ದಾರಿಯನ್ನು ತೋರಿಸಿತು. ನಮ್ಮ ರಾಜ್ಯದಲ್ಲಿ ಈ ಕಾರ್ಯವನ್ನು ನೋಡಿಕೊಳ್ಳುವ ‘ಜೀವಸಾರ್ಥಕತೆ’ ಸಂಸ್ಥೆಯಲ್ಲಿ ಹೆಸರು ನೋಂದಾಯಿಸುವುದು ದಾಸೋಹದ ಒಂದು ರೂಪವೆಂದೇ ನಾವು ಭಾವಿಸುತ್ತೇವೆ.

ಖರ್ಚಿನ ಲೆಕ್ಕ ಟಿಕೆಟಿಗೆ ಮುಗಿಯದು

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಒದಗಿಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಾಗಲಿ, ಸಹಕಾರಿ ಸದಸ್ಯರ ಯಶಸ್ವಿನಿಯಾಗಲಿ ದೇಶದ ಗಡಿ ದಾಟಿದ ಮೇಲೆ ನಡೆಯವು. ಚೀನಾದ ಆಸ್ಪತ್ರೆಗಳು ಸಾಮಾನ್ಯವಾಗಿ ಮುಂಗಡ ಠೇವಣಿ ಕಟ್ಟಿಸಿಕೊಂಡು ರೋಗಿಯನ್ನು ದಾಖಲು ಮಾಡಿಕೊಳ್ಳುತ್ತವೆ. ಹಣ ಮುಗಿಯುತ್ತ ಬಂದಂತೆ ಮತ್ತೆ ಕಟ್ಟಬೇಕು. ಹೊರದೇಶದವರನ್ನು ನೋಡುವ ಅಂತರರಾಷ್ಟ್ರೀಯ ವಿಭಾಗಗಳ ದರ ಸ್ಥಳೀಯರ ದರಕ್ಕಿಂತ ಬಹಳ ಹೆಚ್ಚು. ದುಭಾಷಿ ಬೇಕು, ಜೊತೆಗಿರುವವರಿಗೆ ವಸತಿ ಬೇಕು, ನಮ್ಮ ಊಟ ಸಿಗದ ಕಡೆ ಅದಕ್ಕೂ ವ್ಯವಸ್ಥೆ ಬೇಕು. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿ ಹೊರದೇಶಕ್ಕೆ ಕಳಿಸುವ ಹಣಕ್ಕೆ ಬ್ಯಾಂಕು ಮೂಲದಲ್ಲಿಯೇ ತೆರಿಗೆ ಹಿಡಿಯುತ್ತದೆ. ಬಿಡುಗಡೆಯ ಕಾಗದಗಳು ಚೀನೀ ಭಾಷೆಯಲ್ಲಿದ್ದರೆ ಮರಳಿ ಬಂದಾಗ ಹುಬ್ಬಳ್ಳಿಯ ವೈದ್ಯರು ಅವನ್ನು ಓದುವುದು ಹೇಗೆ?

ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತೊಂದಿದೆ. ರೋಗಿ ಅಲ್ಲಿಯೇ ತೀರಿಕೊಂಡರೆ ಮರಣ ಪ್ರಮಾಣಪತ್ರ, ದೇಹ ಕೆಡದಂತೆ ಮಾಡಿದ ಪ್ರಮಾಣಪತ್ರ, ಭಾರತೀಯ ರಾಯಭಾರ ಕಚೇರಿಯ ಒಪ್ಪಿಗೆ ಇವೆಲ್ಲ ಆಗದ ಹೊರತು ದೇಹ ಊರಿಗೆ ಬಾರದು. ನಮ್ಮ ಮಣ್ಣಿನಲ್ಲಿ ಸಮಾಧಿಯಾಗಬೇಕೆಂಬ ಹಿರಿಯರ ಆಸೆ ಎಷ್ಟು ಗಾಢವೆಂದು ಎಲ್ಲರಿಗೂ ಗೊತ್ತು. ಹೊರಡುವ ಮುನ್ನ ಇದನ್ನೂ ಮನೆಯವರು ಕೂಡಿ ಮಾತನಾಡಬೇಕು. ಆಗುವುದಾದರೆ ರೋಗಿಯನ್ನೂ ಕೇಳಬೇಕು.

ಕೇಳಬೇಕಾದ ಆರು ಪ್ರಶ್ನೆಗಳು

ಹೋಗಲೇಬೇಡಿ ಎಂದು ನಾವು ಹೇಳುತ್ತಿಲ್ಲ. ಹೋಗುವುದೇ ಸರಿಯಾದ ಸಂದರ್ಭಗಳು ಕೆಲವು ಇರಬಹುದು. ಆದರೆ ಮುಂಗಡ ಕೊಡುವ ಮುನ್ನ ಈ ಆರು ಪ್ರಶ್ನೆಗಳಿಗೆ ಉತ್ತರ ಕೈಯಲ್ಲಿರಲಿ.

ಒಂದು, ರೋಗದ ಹೆಸರು ಮತ್ತು ಹಂತ ಬರವಣಿಗೆಯಲ್ಲಿ ಇದೆಯೇ? ಎರಡು, ಅದೇ ಚಿಕಿತ್ಸೆ ಭಾರತದಲ್ಲಿ ಎಲ್ಲಿಯೂ ಇಲ್ಲವೆಂದು, ಇದರಲ್ಲಿ ಲಾಭವಿಲ್ಲದ ಇಬ್ಬರು ತಜ್ಞರು ಹೇಳಿದ್ದಾರೆಯೇ? ಟಾಟಾ ಸ್ಮಾರಕದಂಥ ಕೇಂದ್ರಗಳ ತಜ್ಞರ ಅಭಿಪ್ರಾಯವನ್ನು ದಾಖಲೆಗಳನ್ನು ಅಂತರ್ಜಾಲದಲ್ಲಿ ಕಳಿಸಿಯೂ ಪಡೆಯಬಹುದು. ಮೂರು, ಈ ಚಿಕಿತ್ಸೆಯಿಂದ ರೋಗ ವಾಸಿಯಾಗುವುದೋ, ಆಯುಷ್ಯ ಕೆಲವು ತಿಂಗಳು ಹೆಚ್ಚುವುದೋ, ನೋವು ಮಾತ್ರ ಕಡಿಮೆಯಾಗುವುದೋ? ನಾಲ್ಕು, ಕರೆಯೋಲೆ ಆಸ್ಪತ್ರೆಯಿಂದಲೇ ಬಂದಿದೆಯೇ, ಮಧ್ಯವರ್ತಿಯಿಂದಲೇ? ಹಣ ಯಾರ ಖಾತೆಗೆ ಹೋಗುತ್ತದೆ? ಐದು, ಮರಳಿ ಬಂದ ಮೇಲೆ ಮುಂದಿನ ಚಿಕಿತ್ಸೆಯನ್ನು ಯಾರು ನೋಡುತ್ತಾರೆ, ಆ ಔಷಧ ಇಲ್ಲಿ ಸಿಗುತ್ತದೆಯೇ? ಆರು, ಇದಕ್ಕೆ ಹೊಲ ಮಾರಿದರೆ ಉಳಿದವರ ಬದುಕು ಹೇಗೆ?

ಮೂರನೆಯ ಪ್ರಶ್ನೆಗೆ ಉತ್ತರ ಆಶಾದಾಯಕವಾಗಿಲ್ಲದಿದ್ದರೆ ಚಿಕಿತ್ಸೆ ನಿಲ್ಲಿಸುವುದೆಂದರೆ ಕೈಬಿಡುವುದಲ್ಲ. ನೋವು ತಗ್ಗಿಸಿ, ಗೌರವದಿಂದ ಬಾಳಿಸುವ ಉಪಶಮನ ಚಿಕಿತ್ಸೆಯೂ ಚಿಕಿತ್ಸೆಯೇ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಕ್ಯಾನ್ಸರಿನ ಕೊನೆಯ ಹಂತದವರಿಗೆ ಇದನ್ನು ಉಚಿತವಾಗಿ ನೀಡುತ್ತಿವೆ. ತನ್ನವರ ನಡುವೆ, ನೋವಿಲ್ಲದೆ ಕಳೆಯುವ ಎರಡು ತಿಂಗಳು, ಅರಿಯದ ಭಾಷೆಯ ಊರಿನ ಕೋಣೆಯಲ್ಲಿ ಕಳೆಯುವ ಮೂರು ತಿಂಗಳಿಗಿಂತ ದೊಡ್ಡದಿರಬಹುದು.

ಸಮಾಜದ ಹೊಣೆ

ಬಹಳಷ್ಟು ರೋಗಗಳು ದೂರದ ಮಾತಿಗೆ ಬರುವುದು ತಡವಾಗಿ ಪತ್ತೆಯಾದಾಗ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳನ್ನು ಬೇಗನೆ ಗುರುತಿಸಬಹುದು. 30 ವರ್ಷ ದಾಟಿದವರಿಗೆ ಇವುಗಳ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲಿಯೇ ಇದೆ. ಅದಕ್ಕೆ ಬೇಕಾದದ್ದು ಪಾಸ್‌ಪೋರ್ಟ್ ಅಲ್ಲ. ಸಂಕೋಚ ಬಿಟ್ಟು ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತುವ ಮನಸ್ಸು, ತಂಬಾಕು ಗುಟ್ಕಾ ಬಿಡುವ ಗಟ್ಟಿತನ.

ಹತ್ತಿರದ ದಾರಿಗಳೂ ಮೊದಲಿನಂತಿಲ್ಲ. ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿದೆ. 2025ರ ಮೇ 15ರಂದು ಕುಷ್ಟಗಿ–ಹುಬ್ಬಳ್ಳಿ ರೈಲು ಆರಂಭವಾಗಿ ಯಲಬುರ್ಗಾದವರು ರೈಲಿನಲ್ಲಿಯೇ ಹುಬ್ಬಳ್ಳಿಯನ್ನು ತಲುಪಬಹುದಾಗಿದೆ. ಕೊರತೆಗಳು ಇನ್ನೂ ಇವೆ. ತಜ್ಞರ ಹುದ್ದೆಗಳನ್ನು ತುಂಬಿರೆಂದು, ಯಂತ್ರಗಳನ್ನು ಒದಗಿಸಿರೆಂದು ಜನಪ್ರತಿನಿಧಿಗಳನ್ನು ಕೇಳುವ ಹಕ್ಕು ನಮಗಿದೆ. 371ಜೆ ವಿಧಿಯ ಫಲವು ರಸ್ತೆಗಳಲ್ಲಿ ಕಂಡಂತೆ ದವಾಖಾನೆಗಳಲ್ಲಿಯೂ ಕಾಣಬೇಕು.

ಏಳು ಮಂದಿ ಶಿಕ್ಷಕರು 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆಯನ್ನು ಕಟ್ಟಿದಾಗ ಅವರ ಕೈಯಲ್ಲಿ ಹಣವಿರಲಿಲ್ಲ, ಸಮಾಜವಿತ್ತು. ಇಂದು ಅದರ ಆಸ್ಪತ್ರೆಗೆ ನೆರೆರಾಜ್ಯದವರೂ ಬರುತ್ತಾರೆ. ನಾವು ಈಗ ಮಾಡಬೇಕಾದದ್ದು ಅದಕ್ಕಿಂತ ಚಿಕ್ಕ ಕೆಲಸ. ಊರಿನಲ್ಲಿ ಒಂದು ಮನೆಗೆ ಇಂಥ ಕಷ್ಟ ಬಂದಾಗ ಓದುಬರಹ ಬಲ್ಲ ಒಬ್ಬರು, ವೈದ್ಯಕೀಯ ತಿಳಿದ ಒಬ್ಬರು ಆ ಮನೆಗೆ ಹೋಗಿ, ಕಾಗದಗಳನ್ನು ಓದಿ, ಮೇಲಿನ ಪ್ರಶ್ನೆಗಳನ್ನು ಅವರ ಪರವಾಗಿ ಕೇಳಬೇಕು. ಚೀನಾದಲ್ಲಿ ವೈದ್ಯಕೀಯ ಓದಿ ಬಂದ ಕನ್ನಡದ ಮಕ್ಕಳೂ ಇದ್ದಾರೆ. ಅಲ್ಲಿನ ಆಸ್ಪತ್ರೆಯ ಕಾಗದದ ನಿಜವನ್ನು ಅವರು ಓದಿ ಹೇಳಬಲ್ಲರು. ಹೋಗುವುದೇ ಸರಿಯೆಂದು ತೋರಿದರೆ ಎಲ್ಲರೂ ಕೈಜೋಡಿಸಿ ಕಳಿಸಿಕೊಡೋಣ. ಸಲ್ಲದೆಂದು ತೋರಿದರೆ, ‘ನೀವು ಏನೂ ಕಡಿಮೆ ಮಾಡಲಿಲ್ಲ’ ಎಂದು ಆ ಮಕ್ಕಳಿಗೆ ಧೈರ್ಯ ಹೇಳೋಣ. ಅನೇಕರು ಹೊಲ ಮಾರುವುದು ಚಿಕಿತ್ಸೆಯ ಮೇಲಿನ ನಂಬಿಕೆಯಿಂದಲ್ಲ, ‘ತಂದೆಗೆ ಮಾಡಲಿಲ್ಲ’ ಎಂಬ ಮಾತಿನ ಅಂಜಿಕೆಯಿಂದ. ಆ ಅಂಜಿಕೆಯನ್ನು ತೆಗೆಯಬಲ್ಲದ್ದು ಸಮಾಜವೊಂದೇ. ಹೊಲ ಮಾರಿದ ಮೇಲೆ ಮರುಗುವುದಕ್ಕಿಂತ ಮಾರುವ ಮುನ್ನ ಜೊತೆಗೆ ಕುಳಿತುಕೊಳ್ಳೋಣ.