ಸರಪಳಿಯ ತೊಟ್ಟಿ

ಕಾಟನ್‌ಪೇಟೆಯಲ್ಲಿ ಇನ್ನೂ ಕೆಡವದೆ ಉಳಿದಿರುವ ಹಳೆಯ ಮನೆಗಳ ಹಿತ್ತಲನ್ನು ಹೊಕ್ಕರೆ, ಕಕ್ಕಸಿನ ಗೋಡೆಯಲ್ಲಿ ಆಳೆತ್ತರಕ್ಕೂ ಮೇಲೆ ಕುಳಿತ ಬೀಡುಕಬ್ಬಿಣದ ತೊಟ್ಟಿಯೂ ಅದರಿಂದ ಜೋತುಬಿದ್ದ ಸರಪಳಿಯೂ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತವೆ. ಹೊಸ ಬಡಾವಣೆಯವರಿಗೆ ಅದು ನಗೆಯ ವಸ್ತು. ಆದರೆ ಆ ತೊಟ್ಟಿ ಸಣ್ಣ ಉಪಕಾರವನ್ನು ಮಾಡಿದುದಲ್ಲ. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ಹರಿದುಬಂದ ಮೇಲೆಯೂ ಬಹುಕಾಲ ಬೆಂಗಳೂರಿನ ಮಲವನ್ನು ಮನುಷ್ಯರೇ ಹೊತ್ತರು. ನೆರೆಯ ಚಾಮರಾಜಪೇಟೆಯ ಮನೆಸಾಲುಗಳ ಬೆನ್ನಿಗೆ ಬಿಟ್ಟಿರುವ ಓಣಿಗಳು ಅವರ ಓಡಾಟಕ್ಕೆಂದೇ ಇದ್ದವು. ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧ ತಂದದ್ದು 1970ರ ದಶಕದಲ್ಲಿ. ಆ ಬುಟ್ಟಿಯನ್ನು ಇಳಿಸಿದ ಪುಣ್ಯದಲ್ಲಿ ಸರಪಳಿಗೂ ಪಾಲುಂಟು.

ತೊಟ್ಟಿಯ ಒಳಗೆ ಗಂಟೆಯಂತಹ ಕಬ್ಬಿಣದ ತುಂಡೊಂದು ಬೋರಲಾಗಿ ಕುಳಿತಿರುತ್ತದೆ. ಹೊರಹೋಗುವ ಕೊಳವೆಯ ಬಾಯಿ ಅದರೊಳಗೆ, ನೀರಿನ ಮಟ್ಟಕ್ಕಿಂತ ತುಸು ಮೇಲೆ ನಿಂತಿರುತ್ತದೆ. ಸರಪಳಿ ಎಳೆದಾಗ ಗಂಟೆ ಮೇಲೇಳುತ್ತದೆ. ಬಿಟ್ಟಾಗ ತನ್ನ ಭಾರದಿಂದಲೇ ಬಿದ್ದು ಒಳಗಿನ ನೀರನ್ನು ಕೊಳವೆಯ ಬಾಯಿಗೆ ದೂಡುತ್ತದೆ. ಒಮ್ಮೆ ಧಾರೆ ಹಿಡಿಯಿತೆಂದರೆ ಮಿಕ್ಕ ನೀರು ತಾನಾಗಿ ಹಿಂಬಾಲಿಸುವುದು. ಮಟ್ಟ ಗಂಟೆಯ ಅಂಚಿಗಿಂತ ಇಳಿದು ಗಾಳಿ ನುಗ್ಗಿದಾಗಲೇ ಅದು ನಿಲ್ಲುವುದು. ಆದುದರಿಂದ ಸರಪಳಿಯನ್ನು ಹಿಡಿದು ಜೋಲಾಡುವವರ ಶ್ರಮ ವ್ಯರ್ಥ. ಸನ್ನೆ ಬಾಗೀತು, ನೀರು ಬಾರದು.

ಎಳೆದು ಬಿಟ್ಟರೂ ನೀರು ಬೀಳದಿದ್ದರೆ ಮಟ್ಟ ತಗ್ಗಿರುವುದೇ ಸಾಮಾನ್ಯವಾದ ಕಾರಣ. ತೇಲುಗುಂಡಿನ ಕಡ್ಡಿಯನ್ನು ತುಸು ಮೇಲಕ್ಕೆ ಬಗ್ಗಿಸಿದರಾಯಿತು. ಹಗಲಿರುಳೂ ನೀರು ಸೋರುತ್ತಿದ್ದರೆ, ತೊಟ್ಟಿಗೆ ಬರುವ ನೀರನ್ನು ಕಟ್ಟಿ, ಗುಂಡನ್ನು ಬಿಚ್ಚಿ ಕಿವಿಯ ಬಳಿ ಅಲ್ಲಾಡಿಸಬೇಕು. ಗುಳುಗುಳು ಸದ್ದಾದರೆ ಗುಂಡು ತೂತಾಗಿದೆ, ಬದಲಾಯಿಸಬೇಕು. ಇಲ್ಲವಾದರೆ ವಾಷರು ಸವೆದಿರುತ್ತದೆ. ಕೊಳವೆಬಾವಿಯ ಗಡಸು ನೀರಿರುವ ಮನೆಗಳಲ್ಲಿ ಸುಣ್ಣದ ಹೆಪ್ಪನ್ನು ಆಗಾಗ ಕೆರೆದು ತೆಗೆಯದೆ ವಿಧಿಯಿಲ್ಲ.

ತೊಟ್ಟಿ ಸರಿಯಾಗಿದ್ದೂ ಬೋಗುಣಿ ತುಂಬಿ ನಿಂತಿತೆಂದರೆ ಮಾತೇ ಬೇರೆ. ದುರ್ನಾತವನ್ನು ತಡೆಯಲೆಂದು ಸದಾ ನೀರು ನಿಲ್ಲುವ ಕೆಳಗಿನ ಬಾಗುಕೊಳವೆಯಲ್ಲಿ ಬಟ್ಟೆಯ ಚೂರೋ ಕೂದಲಿನ ಉಂಡೆಯೋ ತೆಂಗಿನ ನಾರೋ ಸಿಕ್ಕಿಕೊಂಡಿರುತ್ತದೆ. ಕೈಪಂಪಿನ ಕಕ್ಕಸುಗಳುಳ್ಳ ಹಾಯಿದೋಣಿಗಳಲ್ಲಿ ನಾವಿಕರದೊಂದು ಕಟ್ಟಳೆಯಿದೆ: ಮೊದಲು ಹೊಟ್ಟೆಗೆ ಹೋಗದ ಯಾವುದನ್ನೂ ಅದಕ್ಕೆ ಹಾಕಬಾರದು. ಅಲ್ಲಿ ನಡುಗಡಲಿನಲ್ಲಿ ಕಟ್ಟಿಕೊಂಡರೆ ದೋಣಿಯವರೇ ಬಿಚ್ಚಿ ತೊಳೆಯಬೇಕು. ಪೇಟೆಯಲ್ಲಿ ಹಾಗಲ್ಲ, ತುರುಕುವವರು ಒಬ್ಬರು, ಇಳಿಯುವವರು ಇನ್ನೊಬ್ಬರು. 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾಯಿದೆ ಬಂದರೂ ಗುಂಡಿಗಿಳಿದವರು ವಿಷವಾಯುವಿಗೆ ಬಲಿಯಾಗುವ ಸುದ್ದಿ ಪತ್ರಿಕೆಗಳಿಂದ ಮರೆಯಾಗಿಲ್ಲ.

ಮನೆಯೊಳಗಿನ ಕಟ್ಟಿಗೆ ರಬ್ಬರಿನ ಬಟ್ಟಲು ಸಾಕು. ಅದರ ಅಂಚು ನೀರಿನಲ್ಲಿ ಮುಳುಗುವಂತೆ ಬಾಯಿಗೆ ಕೂರಿಸಿ, ಒತ್ತುವುದಕ್ಕಿಂತ ಎಳೆಯುವಾಗ ಹೆಚ್ಚು ಬಲ ಹಾಕಿ ಹತ್ತಿಪ್ಪತ್ತು ಸಲ ಆಡಿಸಬೇಕು. ಆಸಿಡ್ ಸುರಿಯುವುದು ಅವಿವೇಕ. ಅದು ನಾರನ್ನು ಬಿಡಿಸುವ ಭರವಸೆಯಿಲ್ಲ, ಆಮೇಲೆ ಕೊಳವೆ ಬಿಚ್ಚುವವನ ಕೈಯನ್ನಂತೂ ಸುಡುತ್ತದೆ. ಬೀದಿಯ ಕೊಳವೆಯೇ ಕಟ್ಟಿದ್ದರೆ ಜಲಮಂಡಳಿಯ ಯಂತ್ರವನ್ನು ಕರೆಸಬೇಕು. ಅದು ಬರುವುದು ತಡವಾಯಿತೆಂದು, ಬಾಗಿಲಿಗೆ ಬಂದ ಯಾರಿಗೋ ನಾಲ್ಕು ಕಾಸು ಹೆಚ್ಚು ಕೊಟ್ಟು ಗುಂಡಿಗೆ ಇಳಿಸುವುದು ಅಪರಾಧ.