ಕಾಲಿನ ನಾಳಕ್ಕೆ ಲೇಸರ್, ಕೆಲಸದ ಜಾಗದಲ್ಲಿ ಕುರ್ಚಿ

ಕಾಲಿನ ಚರ್ಮದಡಿ ನೀಲಿಯಾಗಿ, ಹುರಿ ಹೊಸೆದಂತೆ ಸುರುಳಿ ಸುತ್ತಿಕೊಳ್ಳುವ ವೆರಿಕೋಸ್ ವೇನ್ಸ್ ಅನ್ನು ಬರೀ ಅಂದಗೇಡೆಂದು ತಳ್ಳಿಹಾಕುವ ರೂಢಿ ಇನ್ನೂ ಹೋಗಿಲ್ಲ. ರಕ್ತವನ್ನು ಹೃದಯದತ್ತ ಒಯ್ಯುವ ಅಭಿಧಮನಿಗಳ ಕವಾಟಗಳು ಸಡಿಲಗೊಂಡು, ಮೇಲೇರಬೇಕಾದ ರಕ್ತ ಮರಳಿ ಕೆಳಗಿಳಿದು ನಿಲ್ಲುವುದೇ ಇದರ ಮೂಲವಾಗಿದ್ದು, ವರ್ಷಗಟ್ಟಲೆ ಕಡೆಗಣಿಸಿದರೆ ಕೆಲವರಲ್ಲಿ ಕಣಕಾಲಿನ ಸುತ್ತ ಚರ್ಮ ಕಪ್ಪಾಗಿ, ತುರಿಸಿ, ಕೊನೆಗೆ ಬೇಗ ಮಾಯದ ಹುಣ್ಣಾಗುತ್ತದೆ.

ಹಿಂದೆ ತೊಡೆಸಂದಿನಲ್ಲಿ ಕೊಯ್ದು ಕೆಟ್ಟ ನಾಳವನ್ನು ಉದ್ದಕ್ಕೂ ಕಿತ್ತು ತೆಗೆಯುತ್ತಿದ್ದರು. ಈಗ ರಕ್ತ ಹರಿಯುವ ದಿಕ್ಕನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿನ ನೆರವಿನಿಂದ, ಸಾಮಾನ್ಯವಾಗಿ ಮೊಣಕಾಲಿನ ಆಸುಪಾಸಿನಲ್ಲಿ ಸೂಜಿ ಚುಚ್ಚಿ, ಲೇಸರ್ ಎಳೆಯನ್ನೋ ರೇಡಿಯೋಫ್ರೀಕ್ವೆನ್ಸಿ ಕ್ಯಾತಿಟರನ್ನೋ ನಾಳದೊಳಗೆ ತೂರಿಸಿ, ಶಾಖದಿಂದ ಅದನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಸುತ್ತ ತುಂಬಿಸುವ ತೆಳು ಅರಿವಳಿಕೆ ದ್ರಾವಣ ನೋವನ್ನು ತಡೆಯುವುದಲ್ಲದೆ ಪಕ್ಕದ ನರ ಮತ್ತು ಚರ್ಮಕ್ಕೆ ಬಿಸಿ ತಾಗದಂತೆಯೂ ಕಾಯುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಈ ವಿಧಾನಕ್ಕೆ ಮೊದಲ ಸ್ಥಾನ ಕೊಟ್ಟು, ತೆರೆದ ಶಸ್ತ್ರಚಿಕಿತ್ಸೆಯನ್ನು ಕೊನೆಗೆ ಇರಿಸಿತು.

ರೋಗಿ ಅಂದೇ ನಡೆದು ಮನೆಗೆ ಹೋಗುವುದು ನಿಜ. ಆದರೆ ತೊಡೆಯ ಒಳಭಾಗದಲ್ಲಿ ಕೆಲವು ದಿನ ಕಂದುಗಟ್ಟಿರುತ್ತದೆ, ಮುಚ್ಚಿದ ನಾಳದುದ್ದಕ್ಕೂ ಎಳೆದು ಬಿಗಿದಂತಾಗುತ್ತದೆ. ವೈದ್ಯರು ಹೇಳಿದಷ್ಟು ಕಾಲ ಒತ್ತುಕಾಲುಚೀಲ ಹಾಕಬೇಕು. ಮಲಗಿಯೇ ಇರುವುದಕ್ಕಿಂತ ಆಗಾಗ ನಡೆಯುವುದು ಮುಖ್ಯ, ಏಕೆಂದರೆ ಮೀನಖಂಡದ ಸ್ನಾಯು ಹಿಂಡಿದಾಗಲೆಲ್ಲ ರಕ್ತ ಮೇಲಕ್ಕೆ ತಳ್ಳಲ್ಪಟ್ಟು, ಒಳಗಿನ ದೊಡ್ಡ ನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯ ತಗ್ಗುತ್ತದೆ. ಕಾಲು ಒಮ್ಮೆಲೇ ಬಾತುಕೊಂಡರೆ ಅಥವಾ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆ ಇಷ್ಟು ಸುಲಭವಾದರೂ ಅದು ಬೇಗ ಕೈಗೆಟಕುವಂತಿಲ್ಲ ಎಂಬುದೇ ನಮ್ಮಲ್ಲಿನ ದೊಡ್ಡ ಕೊರತೆ. ತಡಮಾಡಿದರೆ ಹುಣ್ಣು ಮಾಯುವುದೂ ತಡವಾಗುತ್ತದೆ. ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಎವ್ರಾ’ ಅಧ್ಯಯನದಲ್ಲಿ, ಎರಡು ವಾರದೊಳಗೆ ನಾಳ ಮುಚ್ಚಿಸಿಕೊಂಡವರ ಹುಣ್ಣು ಮಾಯಲು ಮಧ್ಯಮ ಲೆಕ್ಕದಲ್ಲಿ 56 ದಿನ ಹಿಡಿದರೆ, ಚಿಕಿತ್ಸೆಯನ್ನು ಮುಂದೂಡಿದವರಿಗೆ 82 ದಿನ ಹಿಡಿಯಿತು. ಹೀಗಿದ್ದರೂ ಭಾರತದಲ್ಲಿ 2020ರಲ್ಲಿ ಜಾರಿಗೆ ಬಂದ ‘ಆರೋಗ್ಯ ಸಂಜೀವಿನಿ’ ವಿಮೆ, ವೆರಿಕೋಸ್ ವೇನ್ಸ್ ಮತ್ತು ಅದರ ಹುಣ್ಣುಗಳನ್ನು ಪಾಲಿಸಿ ಪಡೆದು 24 ತಿಂಗಳು ಕಳೆದ ಮೇಲಷ್ಟೇ ಚಿಕಿತ್ಸೆಯ ವೆಚ್ಚ ಸಿಗುವ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಕಾಯಿಲೆ ಬಂದ ಮೇಲೆ ವಿಮೆ ಕೊಳ್ಳುವುದನ್ನು ತಡೆಯುವ ಉದ್ದೇಶ ಅರ್ಥವಾಗುವಂಥದ್ದೇ. ಆದರೂ ಬಾಯ್ತೆರೆದ ಹುಣ್ಣಿಗೂ ಅದೇ ಕಾಯುವಿಕೆಯನ್ನು ಹೊರಿಸುವುದು ನ್ಯಾಯವಲ್ಲ.

ಚಿಕಿತ್ಸೆಯಾದ ಮೇಲೂ, ಅದರಲ್ಲೂ ಗಂಟೆಗಟ್ಟಲೆ ನಿಂತೇ ಇರುವವರಲ್ಲಿ, ಮುಚ್ಚಿದ ನಾಳದ ಪಕ್ಕದಲ್ಲಿ ಹೊಸ ನಾಳಗಳು ಉಬ್ಬಬಹುದು. ದಿನವಿಡೀ ನಿಂತೇ ದುಡಿಯುವ ಬಟ್ಟೆ ಅಂಗಡಿಯ ಹೆಣ್ಣುಮಗಳು ಚಿಕಿತ್ಸೆಯ ನಂತರ ಮರಳುವುದು ಅದೇ ಕೌಂಟರಿಗೆ. ಅಂಗಡಿ ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿಗೆ ತಂದವು. ಅಂಥ ಕಾನೂನು ಇರಲಿ, ಇಲ್ಲದಿರಲಿ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಯ ಹೆಸರಿನ ಜೊತೆಗೆ, ಕೆಲಸದ ನಡುವೆ ಕೂರಲು ಮತ್ತು ಓಡಾಡಲು ಅವಕಾಶ ಬೇಕೆಂಬ ಸೂಚನೆಯನ್ನೂ ವೈದ್ಯರು ಬರೆದು ಸಹಿ ಮಾಡಿದರೆ, ಮಾಲೀಕನ ಮುಂದೆ ಇಡಲು ಆಕೆಗೆ ಒಂದು ಕಾಗದವಾದರೂ ಸಿಗುತ್ತದೆ.